ಕೆನ್ನೆಯ ಮರೆಯಲ್ಲಿ

ಊಟ ಮುಗಿದ ಮೇಲೆ ಎಲೆಅಡಿಕೆಯ ತಟ್ಟೆ ಮುಂದೆ ಬಾರದಿದ್ದರೆ ಅತಿಥಿಸತ್ಕಾರ ಪೂರ್ಣವಾಗದು ಎಂಬುದು ನಮ್ಮ ನಾಡಿನ ಹಳೆಯ ನಡಾವಳಿ. ಮದುವೆಯ ಮಾತು ಗಟ್ಟಿಯಾಗುವುದು ತಾಂಬೂಲ ಬದಲಾದಾಗ; ಸೀಮಂತದಲ್ಲಿ, ಗೃಹಪ್ರವೇಶದಲ್ಲಿ ಬಂದವರ ಕೈಗೆ ಸಲ್ಲುವುದು ವೀಳ್ಯ; ಕಷ್ಟದ ಕಾರ್ಯವೊಂದನ್ನು ಧೀರನೊಬ್ಬನಿಗೆ ಒಪ್ಪಿಸುವಾಗ ಅರಸರು ಕೊಡುತ್ತಿದ್ದುದೂ ವೀಳ್ಯವೇ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಬರೆದು ಸಂಚಿ ಹೊನ್ನಮ್ಮ ಎಂಬ ಹೆಸರಿನಿಂದಲೇ ಕನ್ನಡ ಸಾಹಿತ್ಯದಲ್ಲಿ ಉಳಿದಳು. ಇಷ್ಟು ಮರ್ಯಾದೆಯ ವಸ್ತುವಿನ ವಿಷಯದಲ್ಲಿ ಕಹಿಯಾದ ಮಾತನ್ನಾಡುವುದು ನನಗೇನೂ ಪ್ರಿಯವಲ್ಲ. ಆದರೂ ಆಡಬೇಕಾಗಿದೆ, ಏಕೆಂದರೆ ನನ್ನ ತಾಯಿಯ ತಂಗಿ, ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ ಚಿಕ್ಕಮ್ಮ, ತನ್ನ ಎಡಗೆನ್ನೆಯನ್ನೂ ಅರ್ಧ ದವಡೆಯನ್ನೂ ಅದಕ್ಕೆ ತೆತ್ತಳು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ - ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳುತ್ತಲೇ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಈ ಸೀಮೆಗಿಲ್ಲ. ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿ, ಇದ್ದ ನೀರಿನಲ್ಲೇ ಹಿಪ್ಪುನೇರಳೆ, ಟೊಮೆಟೊ, ರಾಗಿ ಬೆಳೆದು, ಹಸು ಕಟ್ಟಿ ಬದುಕುವ ಜನ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ರೇಷ್ಮೆಹುಳುವಿನ ಮನೆಗಳಲ್ಲಿ ಹೆಂಗಸರ ದುಡಿಮೆ ಗಂಡಸರ ದುಡಿಮೆಗಿಂತ ಕಡಿಮೆಯದಲ್ಲ. ಹಣ್ಣಾಗುವ ಹುಳುವಿಗೆ ಸರಿರಾತ್ರಿಯಲ್ಲೆದ್ದು ಸೊಪ್ಪು ಹಾಕಬೇಕು. ಹೊತ್ತು ಮೂಡುವ ಮುನ್ನ ಹಾಲು ಕರೆಯಬೇಕು. ಹಸಿವನ್ನು ಮರೆಸಲು, ತೂಕಡಿಕೆಯನ್ನು ತಡೆಯಲು, ಬೇಸರವನ್ನು ನೀಗಲು ಅವರ ಸೊಂಟದ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಅವುಗಳ ಜತೆಗೆ ಒಂದು ಚೂರು ಹೊಗೆಸೊಪ್ಪು ಸದಾ ಸಿದ್ಧ.

ಈ ಕೊನೆಯ ವಸ್ತು ನಮ್ಮದಲ್ಲ. ವೀಳ್ಯದೆಲೆ ಅಡಿಕೆಗಳು ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿವೆ. ಹೊಗೆಸೊಪ್ಪಾದರೋ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಕರಾವಳಿಗೆ ಬಂದು ಇನ್ನೂ ಐದು ಶತಮಾನ ತುಂಬಿಲ್ಲ. ಬಂದ ಅತಿಥಿ ಎಲೆಅಡಿಕೆಯ ಮರೆಯಲ್ಲಿ ಅಡಗಿ ಮನೆಯ ಯಜಮಾನನೇ ಆಗಿಬಿಟ್ಟ. ಹಾಗೆಂದು ಅಡಿಕೆಯನ್ನು ನಿರ್ದೋಷಿ ಎನ್ನುವಂತಿಲ್ಲ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರನ್ನು ಉಂಟುಮಾಡಬಲ್ಲದೆಂದು ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿತು. ಅಡಿಕೆಯ ಸತ್ವ ಬಾಯಿಯ ಲೋಳೆಪೊರೆಯ ಕೆಳಗೆ ನಾರನ್ನು ಬೆಳೆಸಿ ಕೆನ್ನೆಯನ್ನು ಬಿರುಸಾಗಿಸುತ್ತದೆ. ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸುಣ್ಣ ಲೋಳೆಪೊರೆಯನ್ನು ಕೆರಳಿಸುವುದಲ್ಲದೆ, ಹೊಗೆಸೊಪ್ಪಿನ ನಿಕೋಟಿನ್ ಸುಲಭವಾಗಿ ರಕ್ತಕ್ಕೆ ಇಳಿಯುವಂತೆ ಮಾಡುತ್ತದೆ. ಹೀಗೆ ಒಂದು ಮತ್ತೊಂದಕ್ಕೆ ಬಾಗಿಲು ತೆರೆದುಕೊಡುತ್ತದೆ.

ನಮ್ಮ ಸೀಮೆಯ ಹೆಂಗಸರಲ್ಲಿ ಇನ್ನೊಂದು ರೂಢಿಯುಂಟು. ರಾತ್ರಿ ಮಲಗುವಾಗ ಜಗಿದ ಉಂಡೆಯನ್ನು ಉಗುಳದೆ ಒಂದು ಕೆನ್ನೆಯ ಸಂದಿನಲ್ಲಿ ಇಟ್ಟುಕೊಂಡೇ ನಿದ್ರಿಸುವುದು. ಬೆಳಗಿನವರೆಗೆ ಅದು ಅಲ್ಲಿಯೇ, ದಿನವೂ ಅದೇ ಕೆನ್ನೆಯಲ್ಲಿಯೇ, ನೆನೆಯುತ್ತಿರುತ್ತದೆ. ಬಾಯಿಯ ಕ್ಯಾನ್ಸರು ಭಾರತದಲ್ಲಿ ಒಟ್ಟಾರೆ ಗಂಡಸರನ್ನು ಹೆಚ್ಚಾಗಿ ಕಾಡುವ ರೋಗ. ಆದರೆ ಕೋಲಾರದ ಸುತ್ತಮುತ್ತ ಇದಕ್ಕೆ ತುತ್ತಾದವರಲ್ಲಿ ಹೆಂಗಸರ ಸಂಖ್ಯೆಯೇ ಬಹಳ ಹೆಚ್ಚು, ಹುಣ್ಣು ಏಳುವುದೂ ಬಹುಮಟ್ಟಿಗೆ ಕೆನ್ನೆಯ ಒಳಭಾಗದಲ್ಲಿ ಎಂಬುದನ್ನು ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ತಮ್ಮ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರೆದಿದ್ದಾರೆ. 1986ರಲ್ಲಿ ಆರಂಭವಾದ ಆ ಕಾಲೇಜಿಗೆ ಸೇರಿದ ಆಸ್ಪತ್ರೆ ಕೋಲಾರ ನಗರದ ಹೊರವಲಯದಲ್ಲಿ, ಬೆಂಗಳೂರಿನ ಹೆದ್ದಾರಿಯ ಬದಿಯಲ್ಲಿದೆ.

ಚಿಕ್ಕಮ್ಮನಿದ್ದುದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. 2010ರ ಯುಗಾದಿಗೆ ನಾನು ಹೋದಾಗ ಆಕೆ ಎಲ್ಲರಿಗೂ ಮಾವಿನಕಾಯಿ ಚಿತ್ರಾನ್ನ ಬಡಿಸಿ, ತಾನು ಮಾತ್ರ ಬರಿಯ ಮೊಸರನ್ನ ಕಲಸಿಕೊಂಡಳು. “ಖಾರ ತಗಲಿದರೆ ಉರಿಯುತ್ತೆ ಕಣಪ್ಪ” ಎಂದಳು. “ದೇಹಕ್ಕೆ ಉಷ್ಣವಾಗಿದೆ ಚಿಕ್ಕಮ್ಮ, ಮಜ್ಜಿಗೆ ಕುಡಿ” ಎಂದು ನಾನು ಹೇಳಿ, ಮಾರನೆಯ ದಿನ ಪೇಟೆಯಿಂದ ಬಿ-ಕಾಂಪ್ಲೆಕ್ಸ್ ಮಾತ್ರೆಗಳನ್ನು ತಂದುಕೊಟ್ಟೆ. ಎಂ.ಎ. ಓದಿದ ಮಗ ಕೊಟ್ಟ ಮದ್ದೆಂದು ಆಕೆ ಅದನ್ನು ಮೂರು ತಿಂಗಳು ಶ್ರದ್ಧೆಯಿಂದ ನುಂಗಿದಳು. ಬಾಯಿ ತೆರೆದು ತೋರಿಸೆಂದು ಒಂದು ಮಾತು ಹೇಳಿದ್ದರೆ, ಬೆಳಕಿನಲ್ಲಿ ನಿಂತು ಒಮ್ಮೆ ನೋಡಿದ್ದರೆ ಸಾಕಾಗಿತ್ತು. ಹೇಳಲಿಲ್ಲ, ನೋಡಲೂ ಇಲ್ಲ.

ಆ ಬಳಿಕ ದವಡೆಯ ಹಲ್ಲೊಂದು ಅಲುಗಾಡತೊಡಗಿತು. ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕಂದುಗಟ್ಟಿದ ಹಲ್ಲುಗಳು ಮನೆಮನೆಯಲ್ಲೂ ಕಾಣುವ ಸಂಗತಿ. ಆದ್ದರಿಂದ ಬಾಯಿಯ ಯಾವ ತೊಂದರೆಯನ್ನಾದರೂ ‘ನೀರಿನ ದೋಷ’ ಎಂದುಬಿಡುವುದು ನಮಗೆ ಅಭ್ಯಾಸವಾಗಿದೆ. ಚಿಕ್ಕಮ್ಮ ಪೇಟೆಯಲ್ಲಿ ಯಾರಿಂದಲೋ ಹಲ್ಲು ಕೀಳಿಸಿಕೊಂಡಳು. ಕಿತ್ತ ಜಾಗ ಮಾಯಲಿಲ್ಲ. ದೀಪಾವಳಿಯ ವೇಳೆಗೆ ಕೆನ್ನೆ ಹೊರಗಿನಿಂದಲೇ ಉಬ್ಬಿ ಕಾಣುತ್ತಿತ್ತು. ಬಾಯಿಗೆ ಎರಡು ಬೆರಳೂ ಹಿಡಿಸುತ್ತಿರಲಿಲ್ಲ. ಆಕೆಯನ್ನು ಟಮಕಕ್ಕೆ ಕರೆದೊಯ್ದಾಗ 2011ರ ಜನವರಿ. ಯುಗಾದಿಯಿಂದ ಎಣಿಸಿದರೆ ಹತ್ತು ತಿಂಗಳು.

ಈ ಹತ್ತು ತಿಂಗಳುಗಳಲ್ಲಿ ಕೆನ್ನೆಯ ಮರೆಯಲ್ಲಿ ನಡೆದದ್ದೇನು? ನಮ್ಮ ದೇಹದ ಜೀವಕೋಶಗಳು ಒಂದು ಕಟ್ಟಳೆಗೆ ಒಳಪಟ್ಟಿವೆ. ಸವೆದ ಕೋಶ ಸಾಯುತ್ತದೆ, ಅದರ ಎಡೆಯಲ್ಲಿ ಹೊಸದು ಹುಟ್ಟುತ್ತದೆ. ಹುಟ್ಟಿದ್ದು ತನ್ನ ನೆರೆಯವರ ಮೇರೆಯನ್ನು ಮೀರುವುದಿಲ್ಲ. ವಿಷವಸ್ತುಗಳ ದೀರ್ಘಕಾಲದ ಸೋಂಕಿನಿಂದ ಒಂದು ಕೋಶದ ಒಳಗಿನ ಆಜ್ಞಾಪತ್ರವೇ ಕೆಟ್ಟಾಗ ಅದು ಸಾಯಬೇಕಾದ ಕಾಲದಲ್ಲಿ ಸಾಯದೆ, ನಿಲ್ಲಬೇಕಾದ ಕಡೆ ನಿಲ್ಲದೆ, ಒಂದೇ ಸಮನೆ ಒಡೆದು ಬೆಳೆಯತೊಡಗುತ್ತದೆ. ಮೊದಲು ಲೋಳೆಪೊರೆಯ ಮೇಲೆ ಬಿಳಿಯ ಅಥವಾ ಕೆಂಪು ಮಚ್ಚೆ. ಉಜ್ಜಿದರೂ ಹೋಗದು, ನೋವೂ ಇಲ್ಲ. ಎಲ್ಲ ಮಚ್ಚೆಗಳೂ ಕ್ಯಾನ್ಸರಾಗುವುದಿಲ್ಲ. ಕೆಲವು, ವರ್ಷಗಳು ಉರುಳಿದ ಮೇಲೆ, ಆಗುತ್ತವೆ. ಆಮೇಲೆ ಅಂಚು ದಪ್ಪನಾದ, ಎರಡು ಮೂರು ವಾರಗಳಾದರೂ ಮಾಯದ ಒಂದು ಹುಣ್ಣು. ಅಲ್ಲಿಂದ ಮುಂದೆ ಅದು ಕೆಳಗಿನ ಸ್ನಾಯುವಿಗೆ, ದವಡೆಯ ಮೂಳೆಗೆ, ಕತ್ತಿನ ದುಗ್ಧರಸ ಗ್ರಂಥಿಗಳಿಗೆ ಬೇರು ಬಿಡುತ್ತದೆ. ಹೀಗೆ ಸುತ್ತಲೂ ಚಾಚುವ ಕಾಲುಗಳನ್ನು ಕಂಡೇ ಗ್ರೀಕರು ಇದನ್ನು ಏಡಿಗೆ ಹೋಲಿಸಿದರೆಂದು ಹೇಳುತ್ತಾರೆ. ನಮ್ಮಲ್ಲಿಯೂ ಇದಕ್ಕೆ ‘ಏಡಿಗಂತಿ’ ಎಂಬ ಮಾತುಂಟು. ನೋವು ಕಾಣಿಸುವುದು ಬಹುಪಾಲು ಈ ತಡವಾದ ಹಂತದಲ್ಲಿ. ನೋವಿಲ್ಲವೆಂಬ ಕಾರಣದಿಂದಲೇ ನಮ್ಮ ಜನ ಅಷ್ಟು ಕಾಲ ಸುಮ್ಮನಿರುತ್ತಾರೆ.

ಹೊಟ್ಟೆಯೊಳಗೋ ಎದೆಯೊಳಗೋ ಹುಟ್ಟಿದ ಗಂತಿಯನ್ನು ಕಾಣಲು ಯಂತ್ರ ಬೇಕು. ಬಾಯಿಯದು ಹಾಗಲ್ಲ. ಕನ್ನಡಿಯ ಮುಂದೆ ನಿಂತು, ಬಿಸಿಲಿಗೆ ಮುಖ ಮಾಡಿ, ಬೆರಳಿನಿಂದ ಕೆನ್ನೆಯನ್ನು ಹೊರಕ್ಕೆಳೆದರೆ ಸಾಕು. ಹೀಗೆ ಬರಿಗಣ್ಣಿಗೆ ಸಿಕ್ಕುವ ರೋಗವೇ ನಮ್ಮಲ್ಲಿ ಇಷ್ಟು ತಡವಾಗಿ ಆಸ್ಪತ್ರೆಯ ಮೆಟ್ಟಿಲೇರುವುದು ವಿಚಿತ್ರವಾದರೂ ನಿಜ.

ಟಮಕದಲ್ಲಿ ವೈದ್ಯರು ಮೊದಲು ಬಾಯಿಯನ್ನು ನೋಡಿದರು, ಕೈಗವಸು ತೊಟ್ಟ ಬೆರಳಿನಿಂದ ಹುಣ್ಣಿನ ಬುಡವನ್ನು ಒತ್ತಿ ನೋಡಿದರು, ಕತ್ತಿನ ಎರಡೂ ಬದಿಗಳನ್ನು ನಿಧಾನವಾಗಿ ತಡವಿದರು. ಎಡಭಾಗದಲ್ಲಿ ದವಡೆಯ ಕೆಳಗೆ ಅಡಿಕೆಯಷ್ಟು ಗಾತ್ರದ ಗಂಟೊಂದು ಅವರ ಬೆರಳಿಗೆ ಸಿಕ್ಕಿತು.

“ಎಷ್ಟು ವರ್ಷದಿಂದ ಹಾಕ್ತೀರಮ್ಮ?” ಎಂದು ಕೇಳಿದರು.

“ಮದುವೆಯಾದಾಗಿನಿಂದ ಸ್ವಾಮಿ. ನಮ್ಮತ್ತೆ ಅಭ್ಯಾಸ ಮಾಡಿಸಿದರು.”

“ರಾತ್ರಿಯೂ ಬಾಯಲ್ಲಿ ಇಟ್ಟುಕೊಂಡೇ ಮಲಗ್ತೀರಾ?”

ಚಿಕ್ಕಮ್ಮ ತಲೆ ತಗ್ಗಿಸಿದಳು. ನಲವತ್ತಕ್ಕೂ ಮೀರಿದ ವರ್ಷಗಳ ಲೆಕ್ಕ ಅದು.

ಹುಣ್ಣಿನ ಅಂಚಿನಿಂದ ಕಡಲೆಕಾಳಿಗಿಂತ ಚಿಕ್ಕದಾದ ಒಂದು ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಇದನ್ನು ಬಯಾಪ್ಸಿ ಎನ್ನುತ್ತಾರೆ. ಗಂತಿಗೆ ಕತ್ತಿ ತಾಕಿದರೆ ಅದು ಕೆರಳಿ ಹಬ್ಬುತ್ತದೆಂಬ ಭಯ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಎಷ್ಟೋ ಜನ ಈ ಹೆದರಿಕೆಯಿಂದಲೇ ಪರೀಕ್ಷೆಯ ದಿನ ತಪ್ಪಿಸಿಕೊಂಡು ಊರಿಗೆ ಮರಳುತ್ತಾರೆ. ಬಾಯಿಯ ಹುಣ್ಣಿನ ವಿಷಯದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಸೂಕ್ಷ್ಮದರ್ಶಕದಡಿಯಲ್ಲಿ ಕೋಶಗಳನ್ನು ಕಾಣದೆ ಕ್ಯಾನ್ಸರೆಂದು ನಿಶ್ಚಯಿಸಲಾಗದು. ನಿಶ್ಚಯವಾಗದೆ ಯಾವ ವಿವೇಕಿಯಾದ ವೈದ್ಯನೂ ಕತ್ತಿ ಹಿಡಿಯನು. ಅನಂತರ ಸಿ.ಟಿ. ಚಿತ್ರ ತೆಗೆದು ಮೂಳೆ ಎಷ್ಟು ಕೊರೆದಿದೆ, ಕತ್ತಿನೊಳಗೆ ಬೇರೆ ಗಂಟುಗಳಿವೆಯೇ ಎಂದು ನೋಡಿದರು. ಎದೆಯ ಚಿತ್ರ, ರಕ್ತ, ಹೃದಯ, ಸಕ್ಕರೆ ಎಲ್ಲವೂ ಆದವು. ಹುಣ್ಣಿನ ಗಾತ್ರ ಮತ್ತು ಆಳ, ಗ್ರಂಥಿಗಳ ಸ್ಥಿತಿ, ದೂರದ ಅಂಗಗಳಿಗೆ ಹರಡಿದೆಯೇ ಇಲ್ಲವೇ - ಇವುಗಳನ್ನು ಕೂಡಿಸಿ ರೋಗವನ್ನು ನಾಲ್ಕು ಹಂತಗಳಾಗಿ ವಿಂಗಡಿಸುವುದು ಜಗತ್ತಿನೆಲ್ಲೆಡೆ ನಡೆದುಬಂದ ಕ್ರಮ. ಎರಡು ಸೆಂಟಿಮೀಟರಿನೊಳಗಿನ, ಆಳಕ್ಕಿಳಿಯದ, ಗ್ರಂಥಿಗಳನ್ನು ಮುಟ್ಟದ ಹುಣ್ಣು ಮೊದಲನೆಯ ಹಂತ. ಮೂಳೆಯನ್ನು ಕೊರೆದದ್ದು ನಾಲ್ಕನೆಯದು. ಚಿಕ್ಕಮ್ಮನದು ನಾಲ್ಕನೆಯದಾಗಿತ್ತು.

ವೈದ್ಯರು ನನ್ನನ್ನೂ ಆಕೆಯ ಮಗನನ್ನೂ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಮುಖದ ಚಿತ್ರ ಬರೆದರು. ಏನನ್ನು ತೆಗೆಯುತ್ತೇವೆ, ಏನನ್ನು ಉಳಿಸಲು ಯತ್ನಿಸುತ್ತೇವೆ ಎಂಬುದನ್ನು ಬಿಡಿಸಿ ಹೇಳಿದರು. ಶಸ್ತ್ರವೈದ್ಯನ ಕೆಲಸವೆಂದರೆ ಕತ್ತರಿಸುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆ ಹಾಳೆಯನ್ನು ನೋಡುತ್ತಿದ್ದಂತೆ, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಉಳಿಸುವುದರ ವಿಚಾರವೇ ಆಗಿತ್ತೆಂಬುದು ಮನಸ್ಸಿಗೆ ಬಂತು. ತುಟಿಯ ಮೂಲೆ ಉಳಿದರೆ ಜೊಲ್ಲು ಸುರಿಯದು. ಹೆಗಲಿಗೆ ಹೋಗುವ ನರ ಉಳಿದರೆ ಕೈ ಎತ್ತಿ ತಲೆ ಬಾಚಿಕೊಳ್ಳಬಹುದು. ನಾಲಗೆಗೆ ಹೋಗುವ ನರ ಉಳಿದರೆ ಮಾತು ತೊದಲದು. ಹುಣ್ಣು ಚಿಕ್ಕದಾಗಿದ್ದರೆ ದವಡೆಯ ಮೂಳೆಯನ್ನು ಮುಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಕೆನ್ನೆಯ ಒಳಪದರವನ್ನು ತೆಗೆದು, ಕೆಲವು ದಿನಗಳಲ್ಲಿ ಮನೆಗೆ ಕಳುಹಿಸಬಹುದಾಗಿತ್ತು. ಅವರು ಇದನ್ನು ಆಕ್ಷೇಪಣೆಯ ಧ್ವನಿಯಲ್ಲಿ ಹೇಳಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಬಿ-ಕಾಂಪ್ಲೆಕ್ಸ್ ಮಾತ್ರೆಗಳ ಆ ಪಟ್ಟಿ.

ಇಂಥ ಶಸ್ತ್ರಕ್ರಿಯೆಯನ್ನು ನಡೆಸುವ ಧೈರ್ಯ ಮಾನವನಿಗೆ ಬಂದು ಬಹಳ ಕಾಲವಾಗಿಲ್ಲ. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸುವ ತನಕ ರೋಗಿಯನ್ನು ನಾಲ್ವರು ಅದುಮಿ ಹಿಡಿದಿರುವಾಗ ಕೊಯ್ಯಬೇಕಾಗಿತ್ತು. 1867ರಲ್ಲಿ ಲಿಸ್ಟರ್ ಗಾಯಗಳನ್ನು ಕ್ರಿಮಿರಹಿತವಾಗಿಡುವ ವಿಧಾನವನ್ನು ಪ್ರಕಟಿಸುವ ತನಕ ಬದುಕಿದವರೂ ಕೀವಿನಿಂದ ಸಾಯುತ್ತಿದ್ದರು. ಬಾಯಿಯ ಕ್ಯಾನ್ಸರಿಗೆ ಬಾಯಿಯನ್ನಷ್ಟೇ ಕೊಯ್ದರೆ ಸಾಲದು, ಕತ್ತಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯಬೇಕೆಂದು 132 ಶಸ್ತ್ರಕ್ರಿಯೆಗಳ ಅನುಭವದಿಂದ 1906ರಲ್ಲಿ ಬರೆದವನು ಅಮೆರಿಕದ ಜಾರ್ಜ್ ಕ್ರೈಲ್. ಅವನ ವಿಧಾನದಲ್ಲಿ ಕತ್ತಿನ ದೊಡ್ಡ ಅಭಿಧಮನಿ, ಸ್ನಾಯು, ಹೆಗಲಿನ ನರ ಎಲ್ಲವೂ ಹೋಗುತ್ತಿದ್ದವು. ಅವನ ಬಳಿಕ ಬಂದವರು, ಯಾವುದನ್ನು ಬಿಟ್ಟರೂ ಅಪಾಯವಿಲ್ಲವೆಂದು ಒಂದೊಂದಾಗಿ ಕಲಿತು, ಒಂದೊಂದನ್ನೇ ರೋಗಿಗೆ ಹಿಂದಿರುಗಿಸಿದರು.

ಚಿಕ್ಕಮ್ಮನ ಶಸ್ತ್ರಕ್ರಿಯೆ ಏಳು ತಾಸು ನಡೆಯಿತು. ಬಾಯಿ ತೆರೆಯದಿದ್ದುದರಿಂದ ಉಸಿರಾಟದ ನಳಿಕೆಯನ್ನು ಮೂಗಿನ ಮೂಲಕ ಇಳಿಸುವುದೇ ಅರಿವಳಿಕೆ ತಜ್ಞರಿಗೆ ದೊಡ್ಡ ಸಾಹಸವಾಯಿತಂತೆ. ಹುಣ್ಣನ್ನು ಅದರ ಸುತ್ತ ಒಂದು ಸೆಂಟಿಮೀಟರಿನಷ್ಟು ಆರೋಗ್ಯವಂತ ಮಾಂಸದ ಅಂಚಿನೊಡನೆ ತೆಗೆದರು. ಎಡದವಡೆಯ ಮೂಳೆ ಅದರ ಜತೆಯಲ್ಲಿ ಹೋಯಿತು. ಕತ್ತಿನ ಗ್ರಂಥಿಗಳನ್ನು ಕೊಬ್ಬಿನ ಸಮೇತ ಬಿಡಿಸಿದರು. ಹೆಗಲಿನ ನರವನ್ನು ಉಳಿಸಿದರು. ಈಗ ಕೆನ್ನೆಯಿದ್ದ ಕಡೆ ಒಂದು ದೊಡ್ಡ ಬಯಲು. ಅದನ್ನು ತುಂಬುವ ಬಗೆ ಹೇಗೆ?

ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠಾ ಸೀಮೆಯವನು ಸೆರೆಸಿಕ್ಕು ಮೂಗನ್ನು ಕಳೆದುಕೊಂಡ. ಯುದ್ಧ ಮುಗಿದ ಮೇಲೆ ಪುಣೆಯ ಸಮೀಪ ಇಟ್ಟಿಗೆ ಮಾಡುವ ಕುಲದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಎಲೆಯಾಕಾರದಲ್ಲಿ ಬಿಡಿಸಿ, ಹುಬ್ಬುಗಳ ನಡುವೆ ಒಂದು ತೊಟ್ಟನ್ನು ಕತ್ತರಿಸದೆ ಉಳಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರು ಇದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಆ ವೃತ್ತಾಂತ ಚಿತ್ರಸಹಿತ ಅಚ್ಚಾಯಿತು. ಯೂರೋಪಿನ ವೈದ್ಯರು ಅದನ್ನು ಓದಿ ಕಲಿತರು. ಸುಶ್ರುತಸಂಹಿತೆಯಲ್ಲಿಯೂ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವುಂಟು. ಆ ತೊಟ್ಟಿನಲ್ಲಿಯೇ ಎಲ್ಲ ಗುಟ್ಟೂ ಇರುವುದು. ಬುಡದಿಂದ ರಕ್ತ ಹರಿಯುತ್ತಿರುವ ತನಕ ಕಸಿ ಮಾಡಿದ ಚರ್ಮ ಒಣಗದು.

ಟಮಕದ ವೈದ್ಯರು ಮಾಡಿದ್ದೂ ಅದೇ ತತ್ತ್ವದ ಕೆಲಸ. ಎದೆಯ ದೊಡ್ಡ ಸ್ನಾಯುವಿನ ಒಂದು ಭಾಗವನ್ನು ಅದರ ಮೇಲಿನ ಚರ್ಮದೊಡನೆ ಬಿಡಿಸಿ, ಅದಕ್ಕೆ ರಕ್ತ ತರುವ ನಾಳವನ್ನು ಕತ್ತರಿಸದೆ, ಕತ್ತಿನ ಚರ್ಮದಡಿಯಲ್ಲಿ ಸುರಂಗ ಮಾಡಿ ಮೇಲಕ್ಕೆ ಎಳೆದು, ಕೆನ್ನೆಯಿದ್ದ ಜಾಗಕ್ಕೆ ಹೊಲಿದರು. 1979ರಲ್ಲಿ ಅಮೆರಿಕದ ಸ್ಟೀಫನ್ ಆರಿಯನ್ ಎಂಬ ವೈದ್ಯರು ಇದನ್ನು ವರ್ಣಿಸಿ ಬರೆದ ಮೇಲೆ ಜಗತ್ತಿನೆಲ್ಲೆಡೆ ಹಬ್ಬಿತು. ಬೇರೆ ಕಡೆಯ ಅಂಗಾಂಶವನ್ನು ಪೂರ್ತಿಯಾಗಿ ಬಿಡಿಸಿ, ಸೂಕ್ಷ್ಮದರ್ಶಕದ ನೆರವಿನಿಂದ ರಕ್ತನಾಳಕ್ಕೆ ರಕ್ತನಾಳ ಜೋಡಿಸುವ ವಿಧಾನವೂ ಇಂದು ಇದೆ. ಕಾಲಿನ ಮೂಳೆಯಿಂದ ದವಡೆಯನ್ನೇ ಕಟ್ಟುತ್ತಾರೆ. ಆದರೆ ಸಾಮಾನ್ಯ ಆಸ್ಪತ್ರೆಗಳಲ್ಲಿ, ಬಡ ರೋಗಿಗಳ ಪಾಲಿಗೆ, ಎದೆಯ ಸ್ನಾಯುವಿನ ಉಪಕಾರ ಚಿಕ್ಕದಲ್ಲ.

ಮೂರನೆಯ ದಿನ ಕನ್ನಡಿ ಬೇಕೆಂದು ಚಿಕ್ಕಮ್ಮ ಸನ್ನೆ ಮಾಡಿದಳು. ಕೊಡಲೋ ಬೇಡವೋ ಎಂದು ನಾವು ಅನುಮಾನಿಸುತ್ತಿರುವಾಗ ದಾದಿಯೊಬ್ಬಳು ತನ್ನದನ್ನೇ ತಂದುಕೊಟ್ಟಳು. ಆಕೆ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯನ್ನು ಎಳೆದುಕೊಂಡು, ಇಳಿವಯಸ್ಸಿನಲ್ಲಿ ಸಾಕ್ಷರತಾ ತರಗತಿಯಲ್ಲಿ ಕಲಿತ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಳು: “ಹಸು ಈದಿತಾ?” ಅಲ್ಲಿಗೆ ಆ ವಿಷಯ ಮುಗಿಯಿತು. ಹತ್ತು ದಿನ ಮೂಗಿನ ನಳಿಕೆಯಿಂದ ರಾಗಿ ಗಂಜಿ, ಹಾಲು, ಬೇಳೆಕಟ್ಟು. ಹನ್ನೊಂದನೆಯ ದಿನ ಒಂದು ಚಮಚ ನೀರನ್ನು ಬಾಯಿಂದ ನುಂಗಿದಾಗ ವಾರ್ಡಿನ ಅಕ್ಕಪಕ್ಕದವರೆಲ್ಲ ನೋಡಿ ಸಂತೋಷಪಟ್ಟರು.

ಪಕ್ಕದ ಹಾಸಿಗೆಯಲ್ಲಿ ಮುಳಬಾಗಿಲಿನ ಕಡೆಯ ಒಬ್ಬ ಯುವತಿಯಿದ್ದಳು. ಅವಳಿಗೆ ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಗಂತಿ. ಈ ಗ್ರಂಥಿ ನಿರ್ನಾಳ ಗ್ರಂಥಿಗಳ ಜಾತಿಗೆ ಸೇರಿದ್ದು. ತನ್ನ ರಸವನ್ನು ನೇರವಾಗಿ ರಕ್ತಕ್ಕೆ ಬಿಟ್ಟು ದೇಹದ ಚಟುವಟಿಕೆಯ ವೇಗವನ್ನು ಕಾಯುತ್ತದೆ. ಇದರಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಸಾಧುಸ್ವಭಾವದವು. ಸಕಾಲದಲ್ಲಿ ಗ್ರಂಥಿಯನ್ನು ತೆಗೆದರೆ, ಅಗತ್ಯಬಿದ್ದರೆ ವಿಕಿರಣಶೀಲ ಅಯೊಡಿನನ್ನು ಕುಡಿಸಿದರೆ, ದಿನಕ್ಕೊಂದು ಮಾತ್ರೆಯೊಡನೆ ಪೂರ್ಣಾಯುಷ್ಯವನ್ನು ಬಾಳಬಹುದು. ಅಪಾಯವಿರುವುದು ನೆರೆಹೊರೆಯಲ್ಲಿ: ಗ್ರಂಥಿಯ ಬೆನ್ನಿಗೆ ಅಂಟಿಕೊಂಡೇ ಸ್ವರದ ನರ ಹಾದುಹೋಗುತ್ತದೆ, ರಕ್ತದ ಸುಣ್ಣದಂಶವನ್ನು ಕಾಯುವ, ಕಾಳಿನಷ್ಟು ಗಾತ್ರದ ಇನ್ನೂ ನಾಲ್ಕು ಗ್ರಂಥಿಗಳು ಅಲ್ಲಿಯೇ ಇವೆ. ಸ್ವಿಟ್ಜರ್ಲೆಂಡಿನ ಥಿಯೊಡರ್ ಕೋಕರ್ ಈ ಶಸ್ತ್ರಕ್ರಿಯೆಯನ್ನು ಸಾವಿರಾರು ಬಾರಿ ಮಾಡಿ, ಸಾವಿನ ಪ್ರಮಾಣವನ್ನು ನೂರಕ್ಕೆ ಒಂದಕ್ಕಿಂತ ಕೆಳಕ್ಕೆ ಇಳಿಸಿದ. ಆದರೆ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದ ತನ್ನ ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ, ಅವರಲ್ಲಿ ಅನೇಕರು ಮಂಕಾಗಿ, ಊದಿಕೊಂಡು, ಚೈತನ್ಯಹೀನರಾಗಿದ್ದರು. ಆಗ ಬದಲಿ ಮಾತ್ರೆ ಇರಲಿಲ್ಲ. ಅವನು ಅದನ್ನು ಮುಚ್ಚಿಡದೆ 1883ರಲ್ಲಿ ವೈದ್ಯಸಭೆಯ ಮುಂದೆ ಹೇಳಿದ. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ತನ್ನ ಕೈಯಿಂದಲೇ ಆದ ಕೇಡನ್ನು ಹುಡುಕಿಕೊಂಡು ಹೋದ ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಮುಳಬಾಗಿಲಿನ ಹುಡುಗಿ ಐದನೆಯ ದಿನ ನಮ್ಮೆಲ್ಲರಿಗೂ ಕೇಳುವಂತೆ ಮಾತನಾಡಿ, ಎರಡು ಕೈ ಮುಗಿದು, ಮನೆಗೆ ಹೋದಳು.

ಚಿಕ್ಕಮ್ಮನ ಚಿಕಿತ್ಸೆ ಅಷ್ಟಕ್ಕೆ ಮುಗಿಯಲಿಲ್ಲ. ತೆಗೆದ ಗ್ರಂಥಿಗಳಲ್ಲಿ ಎರಡರಲ್ಲಿ ರೋಗವಿತ್ತೆಂದು ಪರೀಕ್ಷೆಯ ವರದಿ ಬಂತು. ಕಣ್ಣಿಗೆ ಕಾಣದ ಅಳಿದುಳಿದ ಕೋಶಗಳನ್ನು ಸುಡಲು ವಿಕಿರಣ ಚಿಕಿತ್ಸೆಯಾಗಬೇಕು. ಅದೂ ಶಸ್ತ್ರಕ್ರಿಯೆಯಾದ ಆರು ವಾರಗಳೊಳಗೆ ಆರಂಭವಾದರೆ ಒಳ್ಳೆಯದು. ಆಕೆಯನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸೇರಿಸಿದೆವು. 1973ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು ಭಾರತ ಸರ್ಕಾರ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮನ್ನಿಸಿತು. ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರು ಬರುತ್ತಿದೆ ಎಂದು 1982ರಿಂದ ಲೆಕ್ಕವಿಡುತ್ತ ಬಂದಿರುವ ನೋಂದಣಿಯೂ ಇಲ್ಲಿಯದೇ. ಇದರ ಅಂಗಳದಲ್ಲಿ ಒಂದು ಬೆಳಗು ಕುಳಿತರೆ ಕರ್ನಾಟಕದ ಅಷ್ಟೂ ಜಿಲ್ಲೆಗಳ ಕನ್ನಡ ಕಿವಿಗೆ ಬೀಳುತ್ತದೆ. ಆಂಧ್ರ ತಮಿಳುನಾಡುಗಳ ಗಡಿಯವರ ಮಾತೂ ಅದರೊಡನೆ ಬೆರೆತಿರುತ್ತದೆ.

ವಾರಕ್ಕೆ ಐದು ದಿನದಂತೆ ಆರು ವಾರ. ಒಂದೊಂದು ಬಾರಿಗೆ ಕೆಲವೇ ನಿಮಿಷ. ಮುಖಕ್ಕೆ ಅಚ್ಚು ಹಾಕಿದ ಮುಸುಕನ್ನು ತೊಡಿಸಿ ಅಲುಗಾಡದಂತೆ ಮಲಗಿಸುತ್ತಾರೆ. ಕಿರಣ ತಾಕಿದ್ದು ಗೊತ್ತಾಗುವುದಿಲ್ಲ. ಮೂರನೆಯ ವಾರದಿಂದ ಅದರ ಪರಿಣಾಮ ಗೊತ್ತಾಗುತ್ತದೆ. ಬಾಯೆಲ್ಲ ಹುಣ್ಣು, ಜೊಲ್ಲು ಬತ್ತಿ ನಾಲಗೆ ಒಣಗಿದ ತೊಗಲು, ಯಾವುದಕ್ಕೂ ರುಚಿಯಿಲ್ಲ. ಅರ್ಧದಲ್ಲೇ ಬಿಟ್ಟು ಊರಿಗೆ ಹೋಗುವವರು ಹೆಚ್ಚಾಗಿ ಈ ದಿನಗಳಲ್ಲಿಯೇ ಹೋಗುತ್ತಾರೆ. ಬಿಟ್ಟರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ. ಚಿಕ್ಕಮ್ಮನೂ ಒಂದು ಸಂಜೆ ಗಂಟು ಕಟ್ಟಿದ್ದಳು. “ಸಾಕು ಕಣೋ ಮೇಷ್ಟ್ರೇ, ಸತ್ತರೆ ಊರಲ್ಲೇ ಸಾಯ್ತೀನಿ” ಎಂದು ಅಸ್ಪಷ್ಟವಾಗಿ ಹೇಳಿದಳು. ನಾನು ವಾದಿಸಲಿಲ್ಲ. ಯುಗಾದಿಯ ಮಾತ್ರೆಗಳ ವಿಷಯವನ್ನು ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿ, ತಪ್ಪು ನನ್ನದೆಂದೆ. ಆಕೆ ಸುಮ್ಮನೆ ನನ್ನ ಮುಖವನ್ನು ನೋಡಿದಳು. ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಮಡಿಸಿಟ್ಟಳು.

ಬಾಯಿಯ ಕ್ಯಾನ್ಸರು ಆರಂಭದ ಹಂತದಲ್ಲಿ ಸಿಕ್ಕಿದರೆ ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಸುಮಾರು 80 ಮಂದಿ ಐದು ವರ್ಷ ದಾಟುತ್ತಾರೆ. ಮುಂದುವರಿದ ಹಂತದಲ್ಲಿ ಅರ್ಧದಷ್ಟು ಜನರೂ ದಾಟುವುದು ಕಷ್ಟ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಟಾರ್ಚಿನ ಬೆಳಕಿನಲ್ಲಿ ಜನರ ಬಾಯಿಯನ್ನು ನೋಡಿದರು. ಬೇರೇನೂ ಮಾಡಲಿಲ್ಲ, ಸಂಶಯ ಬಂದವರನ್ನು ವೈದ್ಯರಲ್ಲಿಗೆ ಕಳುಹಿಸಿದರು, ಅಷ್ಟೇ. 2005ರಲ್ಲಿ ಅದರ ಫಲ ಪ್ರಕಟವಾದಾಗ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ತಗ್ಗಿತ್ತು. ಕರ್ನಾಟಕದಲ್ಲಿ 2013ರ ಮೇ ತಿಂಗಳ ಕೊನೆಯಲ್ಲಿ ಗುಟ್ಕಾ ನಿಷೇಧವಾಯಿತು. ಹೊಗೆಸೊಪ್ಪಿನ ಪೊಟ್ಟಣಗಳ ಮೇಲೆ ಹುಣ್ಣಾದ ಬಾಯಿಯ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕುವುದು ಕಡ್ಡಾಯವಾಯಿತು. ನಿಷೇಧ ಅಂಗಡಿಯ ಬಾಗಿಲನ್ನು ಮುಚ್ಚಬಹುದು. ಸಂಚಿಯಲ್ಲಿರುವ ಬಿಡಿ ಹೊಗೆಸೊಪ್ಪಿಗೆ ಪೊಟ್ಟಣವೂ ಇಲ್ಲ, ಚಿತ್ರವೂ ಇಲ್ಲ.

ಚಿಕ್ಕಮ್ಮ ಊರಿಗೆ ಮರಳಿ ಹಸು ಕಟ್ಟಿದಳು. ಮುಖ ಒಂದು ಬದಿಗೆ ಒಳಸೇರಿದೆ. ರೊಟ್ಟಿ ತಿನ್ನಲಾರಳು, ಮುದ್ದೆ ನುಂಗಬಲ್ಲಳು - ನಮ್ಮ ಸೀಮೆಯ ಮುದ್ದೆಯನ್ನು ಜಗಿಯಬೇಕಾದ್ದಿಲ್ಲವೆಂಬುದು ಆಕೆಯ ಪುಣ್ಯ. ಮಾತು ಹೊಸಬರಿಗೆ ಅರ್ಥವಾಗದು, ಮನೆಯವರಿಗೆ ಆಗುತ್ತದೆ. ಆರಂಭದಲ್ಲಿ ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆರಡು ಬಾರಿ ತಪ್ಪದೆ ಪರೀಕ್ಷೆಗೆ ಹೋಗುತ್ತಾಳೆ. ಮದುವೆಯ ಮನೆಗಳಲ್ಲಿ ತಾಂಬೂಲ ಕೊಟ್ಟರೆ ಕಣ್ಣಿಗೊತ್ತಿಕೊಂಡು, ತಂದು ದೇವರ ಮುಂದಿಡುತ್ತಾಳೆ.

ಕಳೆದ ಬೇಸಗೆಯಲ್ಲಿ ನಾನು ಹೋಗಿದ್ದಾಗ ಬೆಳಗಿನ ಬಿಸಿಲಿನಲ್ಲಿ ಜಗಲಿಯ ಮೇಲೆ ಇಬ್ಬರು ಹೆಂಗಸರು ಬಾಯಿ ತೆರೆದು ಕುಳಿತಿದ್ದರು. ಚಿಕ್ಕಮ್ಮ ಒಬ್ಬಳ ಕೆನ್ನೆಯನ್ನು ಚಮಚದ ಹಿಡಿಯಿಂದ ಹೊರಕ್ಕೆಳೆದು, ಮೊಮ್ಮಗನ ಟಾರ್ಚಿನಿಂದ ಒಳಗೆ ಇಣುಕುತ್ತಿದ್ದಳು. ಮಜ್ಜಿಗೆಗೆ, ಕಡ ಕೇಳಲು, ಸುಮ್ಮನೆ ಮಾತಿಗೆ ಬಂದವರನ್ನೂ ಆಕೆ ಹೀಗೆ ಕೂರಿಸದೆ ಬಿಡುವುದಿಲ್ಲವೆಂದು ಸೊಸೆ ನಗುತ್ತ ಹೇಳಿದಳು. ಆ ದಿನ ಕುಳಿತಿದ್ದ ಇಬ್ಬರಲ್ಲೂ ಬಿಳಿಯ ಮಚ್ಚೆಯಿತ್ತು. ಒಬ್ಬಳು ಮಾರನೆಯ ದಿನದ ಬಸ್ಸಿನಲ್ಲಿ ನನ್ನೊಡನೆ ಟಮಕಕ್ಕೆ ಬಂದಳು. ತುಣುಕು ತೆಗೆದು ನೋಡಿ, ಇನ್ನೂ ಕ್ಯಾನ್ಸರಾಗಿಲ್ಲವೆಂದು ತಿಳಿದ ಮೇಲೆ, ಅಷ್ಟು ಜಾಗವನ್ನು ಮಾತ್ರ ಬಿಡಿಸಿ ಕಳುಹಿಸಿದರು. ಇನ್ನೊಬ್ಬಳು, ಮಾವಿನ ಸುಗ್ಗಿ ಮುಗಿಯಲಿ ಎಂದಳು. ಸುಗ್ಗಿ ಮುಗಿದ ಮೇಲೆ ರಾಗಿ ಬಿತ್ತನೆ ಎಂದಳು. ಚಿಕ್ಕಮ್ಮ ಆ ಮನೆಗೆ ಇದುವರೆಗೆ ನಾಲ್ಕು ಬಾರಿ ಹೋಗಿ ಬಂದಿದ್ದಾಳೆ. ಬರುವ ಸೋಮವಾರ ಐದನೆಯ ಬಾರಿ ಹೋಗುವುದಾಗಿ, ನನ್ನನ್ನೂ ಬರಬೇಕೆಂದು, ಮೊಮ್ಮಗನ ಕೈಯಲ್ಲಿ ಫೋನು ಮಾಡಿಸಿದ್ದಾಳೆ.